ಎಐ ಇರುವ ಟರ್ಮಿನಲ್‌ಗೆ ಬದಲಾಗಬೇಕಾ? ಎರಡು ವಾರ ಬಳಸಿ ನೀವೇ ತೀರ್ಮಾನಿಸಿ

ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಮೂರು ಸಲ ಬರುತ್ತಿದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಫೀಸುಗಳಲ್ಲಿ ಕೆಲಸ ಮಾಡುವವರು ಕೇಳುತ್ತಾರೆ, ಮಂಡ್ಯದಲ್ಲಿ ದಿನಾ ಬೆಳಗ್ಗೆ ರೈಲು ಹತ್ತಿ ಮೈಸೂರಿಗೆ ಬರುವವರು ಕೇಳುತ್ತಾರೆ, ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ ಹುಡುಗಿಯರಂತೂ ಕೇಳುತ್ತಲೇ ಇರುತ್ತಾರೆ. "ಎಲ್ರೂ ವಾರ್ಪ್ ಅಂತಿದ್ದಾರೆ, ನಾನೂ ಹಾಕ್ಕೊಳ್ಳಲಾ? ಹಳೇ ಟರ್ಮಿನಲ್ ಬಿಟ್ಟುಬಿಡಲಾ?" ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ಕಮಾಂಡ್ ಟೈಪ್ ಮಾಡಿ ಕೊಡುವ ಕಪ್ಪು ವಿಂಡೋ, ವಾರ್ಪ್ ಅಂದರೆ ಎಐ ಒಳಗೇ ಇರುವ ಅಂಥ ಒಂದು ಟರ್ಮಿನಲ್. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಕಮಾಂಡ್ ನೋಡಿದ ಕೂಡಲೇ ಅದು ಏನು ಮಾಡುತ್ತದೆ ಅಂತ ಓದಿ ಹೇಳಬಲ್ಲವರಿಗೆ ಇದರಿಂದ ನಿಜವಾಗಿಯೂ ಸಮಯ ಉಳಿಯುತ್ತದೆ, ಬದಲಾಗಿ. ಇನ್ನೂ ಓದಲು ಬರದವರು ಆರು ತಿಂಗಳು ತಡೆಯಿರಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕ್ಲೈಂಟ್ ಕೋಡ್ ಇಟ್ಟುಕೊಂಡವರು ಕೇಳದೆ ಇನ್‌ಸ್ಟಾಲ್ ಮಾಡಲೇಬೇಡಿ.

ಮೂರೂ ಬೇರೆ ಬೇರೆ

ಗೊಂದಲ ಶುರುವಾಗುವುದೇ ಇಲ್ಲಿ. ಟರ್ಮಿನಲ್, ಶೆಲ್, ಎಐ ಎಲ್ಲ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ತಾಲ್ಲೂಕು ಕಚೇರಿಯನ್ನು ನೆನಪು ಮಾಡಿಕೊಳ್ಳಿ. ಅರ್ಜಿ ಕೊಡಲು ಒಂದು ಕಿಟಕಿ ಇರುತ್ತದೆ. ಅದು ಟರ್ಮಿನಲ್. ಕಿಟಕಿಯ ಒಳಗೆ ಕೂತು, ಅರ್ಜಿಯಲ್ಲಿ ಏನಿದೆಯೋ ಅದನ್ನು ಮಾಡಿಸುವ ಗುಮಾಸ್ತರೇ ಶೆಲ್. ಬ್ಯಾಶ್, ಜೆಡ್‌ಶೆಲ್, ಫಿಶ್ ಇವೆಲ್ಲ ಶೆಲ್‌ಗಳು. ಇನ್ನು ಕಚೇರಿಯ ಹೊರಗೆ ಮರದ ಕೆಳಗೆ ಮೇಜು ಹಾಕಿಕೊಂಡು, ನೀವು ಬಾಯಲ್ಲಿ ಹೇಳಿದ್ದನ್ನು ಅರ್ಜಿಯಾಗಿ ಬರೆದುಕೊಡುವವರು ಇರುತ್ತಾರಲ್ಲ, ಅದು ಎಐ. ಅವರು ಚೆನ್ನಾಗಿಯೇ ಬರೆದುಕೊಡುತ್ತಾರೆ. ಸಹಿ ಮಾತ್ರ ನಿಮ್ಮದು. ಟರ್ಮಿನಲ್‌ನಲ್ಲಿ ಆ ಸಹಿ ಅಂದರೆ ಎಂಟರ್ ಕೀ.

1978ರಲ್ಲಿ ಡಿಇಸಿ ಕಂಪನಿ ವಿಟಿ100 ಅನ್ನುವ ಯಂತ್ರ ತಂದಿತು. ಒಂದು ಪರದೆ, ಒಂದು ಕೀಬೋರ್ಡ್ ಅಷ್ಟೇ. ಕೆಲಸ ಮಾಡುವ ಕಂಪ್ಯೂಟರ್ ಬೇರೆ ಕಡೆ ಇರುತ್ತಿತ್ತು. ಇವತ್ತು ನೀವು ತೆರೆಯುವ ಕಪ್ಪು ವಿಂಡೋ ಆ ಕಾಲದ ಯಂತ್ರಗಳ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂ. ಅದಕ್ಕೇ ಅದನ್ನು ಟರ್ಮಿನಲ್ ಎಮ್ಯುಲೇಟರ್ ಅನ್ನುತ್ತಾರೆ. ಬ್ಯಾಶ್ ಬಂದದ್ದು 1989ರಲ್ಲಿ, ಜೆಡ್‌ಶೆಲ್ 1990ರಲ್ಲಿ, ಮ್ಯಾಕ್‌ನಲ್ಲಿ ಜೆಡ್‌ಶೆಲ್ ಡಿಫಾಲ್ಟ್ ಆದದ್ದು 2019ರಲ್ಲಿ. ಕಿಟಕಿ ಬದಲಿಸಿದರೆ ಒಳಗಿನ ಗುಮಾಸ್ತರು ಬದಲಾಗುವುದಿಲ್ಲ. ನಿಮ್ಮ ಏಲಿಯಾಸ್‌ಗಳು, ಅಂದರೆ ಉದ್ದದ ಕಮಾಂಡ್‌ಗೆ ನೀವು ಇಟ್ಟುಕೊಂಡ ಚಿಕ್ಕ ಹೆಸರುಗಳು, ಹಾಗೇ ಇರುತ್ತವೆ. ಈ ಭಯ ಬಿಟ್ಟುಬಿಡಿ.

ಎಐ ಸಿಗುವ ದಾರಿ ಎರಡು. ಒಂದು, ಟರ್ಮಿನಲ್ ವಿಂಡೋದ ಒಳಗೇ ಎಐ ಇರುವುದು. ವಾರ್ಪ್ ಈ ಜಾತಿಯದ್ದು. ರಸ್ಟ್ ಭಾಷೆಯಲ್ಲಿ ಬರೆದದ್ದು, ಮ್ಯಾಕ್‌ಗೆ 2022ರಲ್ಲಿ ಎಲ್ಲರಿಗೂ ಸಿಕ್ಕಿತು, ಲಿನಕ್ಸ್‌ಗೆ 2024ರಲ್ಲಿ, ವಿಂಡೋಸ್‌ಗೆ 2025ರಲ್ಲಿ ಬಂತು. ಎರಡನೆಯದು, ಯಾವ ಟರ್ಮಿನಲ್‌ನಲ್ಲಿ ಬೇಕಾದರೂ ಓಡುವ ಎಐ ಪ್ರೋಗ್ರಾಂಗಳು. ಕ್ಲಾಡ್ ಕೋಡ್, ಕೋಡೆಕ್ಸ್ ಸಿಎಲ್ಐ, ಜೆಮಿನಿ ಸಿಎಲ್ಐ ಮೂರೂ 2025ರಲ್ಲೇ ಬಂದವು. ನಿಮಗೆ ಬೇಕಾಗಿರುವುದು ಎಐ ಮಾತ್ರ ಅಂತಾದರೆ ಟರ್ಮಿನಲ್ ಬದಲಿಸುವ ಅಗತ್ಯವೇ ಇಲ್ಲ, ಉಬುಂಟು ಜೊತೆ ಬಂದ ವಿಂಡೋದಲ್ಲೇ ಇವು ಓಡುತ್ತವೆ. ನನ್ನನ್ನು ಕೇಳಿದವರಲ್ಲಿ ಅರ್ಧಕ್ಕರ್ಧ ಜನರ ಸಮಸ್ಯೆ ಇಷ್ಟು ಹೇಳಿದ ಕೂಡಲೇ ಮುಗಿಯಿತು.

ಹಾಗಿದ್ದರೂ ವಾರ್ಪ್ ಥರದ್ದನ್ನು ಯಾಕೆ ಬಳಸಬೇಕು ಅಂದರೆ, ನನ್ನ ಪ್ರಕಾರ ಎಐಗಿಂತ ದೊಡ್ಡ ಕಾರಣ ಬ್ಲಾಕ್‌ಗಳು. ನೀವು ಕೊಟ್ಟ ಒಂದು ಕಮಾಂಡ್ ಮತ್ತು ಅದಕ್ಕೆ ಬಂದ ಉತ್ತರ ಎರಡನ್ನೂ ಅದು ಒಂದು ಪೆಟ್ಟಿಗೆಯ ಹಾಗೆ ಕಟ್ಟಿಡುತ್ತದೆ. ಬಿಲ್ಡ್ ಫೇಲ್ ಆಗಿ ಎಂಟುನೂರು ಸಾಲಿನ ಲಾಗ್ ಓಡಿಹೋಯಿತು ಅಂದುಕೊಳ್ಳಿ. ಹಳೇ ವಿಂಡೋದಲ್ಲಿ ಮೌಸ್ ಉರುಳಿಸುತ್ತಾ ಮೇಲೆ ಹೋಗಿ, ನಿನ್ನೆಯ ಎರರ್ ಯಾವುದು ಇವತ್ತಿನದು ಯಾವುದು ಅಂತ ಹುಡುಕಬೇಕು. ಇಲ್ಲಿ ಆ ಒಂದು ಬ್ಲಾಕ್ ಆರಿಸಿ ಅದರೊಳಗೆ ಮಾತ್ರ ಹುಡುಕಬಹುದು, ಅಷ್ಟನ್ನೇ ಕಾಪಿ ಮಾಡಿ ಸಹೋದ್ಯೋಗಿಗೆ ಕಳಿಸಬಹುದು. ದಿನಾ ಲಾಗ್ ಓದುವವರಿಗೆ ಇದು ದೊಡ್ಡ ಅನುಕೂಲ.

ಇನ್ನು ಹಂತಗಳು. ಎಲ್ಲಕ್ಕೂ ಸೇರಿ ಎರಡು ವಾರ ಇಟ್ಟುಕೊಳ್ಳಿ. ಕಮಾಂಡ್‌ಗಳನ್ನು ನಾವು ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.

1. ಮೊದಲು ಅನುಮತಿ

ಯಾರ ಲ್ಯಾಪ್‌ಟಾಪ್, ಯಾರ ಕೋಡ್? ಎರಡಕ್ಕೂ ಉತ್ತರ "ನನ್ನದು" ಅಂತಾದರೆ ಎರಡನೇ ಹಂತಕ್ಕೆ ಹೋಗಿ. ಇಲ್ಲದಿದ್ದರೆ ಟೀಮ್ ಲೀಡ್‌ಗೋ ಸೆಕ್ಯೂರಿಟಿ ಟೀಮ್‌ಗೋ ಒಂದು ಮೇಲ್ ಹಾಕಿ. ಬಾಯಿಮಾತಿನ "ಪರ್ವಾಗಿಲ್ಲ, ಹಾಕ್ಕೊಳ್ಳಿ" ಸಾಲದು. ನೀವು ಎಐಗೆ ಪ್ರಶ್ನೆ ಕೇಳಿದಾಗ ಪ್ರಶ್ನೆಯ ಜೊತೆ ಫೋಲ್ಡರ್ ಹೆಸರು, ಎರರ್ ಬಂದ ಸಾಲುಗಳು, ಕೆಲವೊಮ್ಮೆ ಕೋಡ್ ಕೂಡ ಬೇರೆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಆ ಲಾಗ್‌ನಲ್ಲಿ ಗ್ರಾಹಕರ ಫೋನ್ ನಂಬರ್, ಹೆಸರು ಇದ್ದರೆ ಅದು ಅವರ ವೈಯಕ್ತಿಕ ಮಾಹಿತಿ. ಅದಕ್ಕೆಂದೇ ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದೆ.

2. ಇರುವುದನ್ನು ಕಾಪಿ ಮಾಡಿಟ್ಟುಕೊಳ್ಳಿ

ಹೋಮ್ ಫೋಲ್ಡರಿನಲ್ಲಿ ಬ್ಯಾಶ್ ಅಥವಾ ಜೆಡ್‌ಶೆಲ್‌ನ ಆರ್‌ಸಿ ಫೈಲ್ ಇರುತ್ತದೆ. ಶೆಲ್ ತೆರೆದ ಕೂಡಲೇ ಓದಿಕೊಳ್ಳುವ ಸೆಟ್ಟಿಂಗ್ ಫೈಲ್ ಅದು. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಅದನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಮೇಲೆ ತಾರೀಖು ಬರೆದಿಡಿ.

ಕಾಪಿ ಮಾಡುವ ಮುಂಚೆ ಒಂದು ಸಲ ಪೂರ್ತಿ ಓದಿ. ಎರಡು ವರ್ಷದ ಹಿಂದೆ ಯಾವುದೋ ಅರ್ಜೆಂಟಿನಲ್ಲಿ ಬರೆದ ಟೋಕನ್ ಅಲ್ಲೇ ಕೂತಿರುತ್ತದೆ. ಟೋಕನ್ ಅಂದರೆ ಪಾಸ್‌ವರ್ಡ್ ಬದಲು ಪ್ರೋಗ್ರಾಂಗಳು ತೋರಿಸುವ ಗುಟ್ಟಿನ ಸಂಖ್ಯೆ. ಅದನ್ನು ತೆಗೆದು ಪಾಸ್‌ವರ್ಡ್ ಮ್ಯಾನೇಜರಿಗೆ ಹಾಕಿ, ಆಮೇಲೆ ಕಾಪಿ.

ಸೆಟ್ಟಿಂಗ್ ಎಲ್ಲ ಹೊಸ ಟರ್ಮಿನಲ್ ಕಂಪನಿಯ ಅಕೌಂಟಿನಲ್ಲೇ ಇದ್ದರೆ ಸಾಕು ಅಂದುಕೊಳ್ಳಬೇಡಿ. ಟರ್ಮಿನಲ್‌ಗೆ ಆಟೋಕಂಪ್ಲೀಟ್ ಕೊಡುತ್ತಿದ್ದ ಫಿಗ್ ಅನ್ನು ತುಂಬಾ ಜನ ಪ್ರೀತಿಯಿಂದ ಬಳಸುತ್ತಿದ್ದರು. 2023ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು, 2024ರಲ್ಲಿ ಫಿಗ್ ಮುಚ್ಚಿತು. ನಿಮ್ಮ ಸ್ಕ್ರಿಪ್ಟ್, ಏಲಿಯಾಸ್ ನಿಮ್ಮ ಹತ್ತಿರವೇ ಸಾದಾ ಫೈಲಾಗಿ ಇರಲಿ.

3. ಇನ್‌ಸ್ಟಾಲ್ ಮಾಡಿ, ಎಐ ಆಫ್ ಮಾಡಿ

ಹೌದು, ಆಫ್. ಮೊದಲ ಮೂರು ದಿನ ಅದನ್ನು ಸುಮ್ನೆ ಒಂದು ಟರ್ಮಿನಲ್ ಆಗಿ ಬಳಸಿ. ಕಿಟಕಿಯೇ ಸರಿಯಿಲ್ಲದಿದ್ದರೆ ಹೊರಗೆ ಅರ್ಜಿ ಬರೆಯುವವರು ಎಷ್ಟು ಜಾಣರಾದರೂ ಪ್ರಯೋಜನವಿಲ್ಲ. ಹಳೆಯದನ್ನು ತೆಗೆಯಬೇಡಿ, ಎರಡೂ ಪಕ್ಕಪಕ್ಕ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಅಂತ ಇದ್ದರೆ, ಅಂದರೆ ನೀವು ಹೇಗೆ ಬಳಸುತ್ತೀರಿ ಅನ್ನುವ ಮಾಹಿತಿ ಕಂಪನಿಗೆ ಕಳಿಸುವ ಸೌಲಭ್ಯ, ಅದನ್ನೂ ಈಗಲೇ ಆಫ್ ಮಾಡಿ.

ವಿಮ್, ಟಿಮಕ್ಸ್ ಬಳಸುವವರು ಅವುಗಳ ಕೀಗಳು ಸರಿಯಾಗಿ ಕೆಲಸ ಮಾಡುತ್ತವಾ ನೋಡಿ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋದಾಗಲೂ ನೋಡಿ, ಲ್ಯಾಪ್‌ಟಾಪಿನಲ್ಲಿ ಸಿಕ್ಕ ಸೌಲಭ್ಯ ಎಲ್ಲವೂ ಅಲ್ಲಿ ಸಿಗದೇ ಹೋಗಬಹುದು. ಹಳೇ ಲ್ಯಾಪ್‌ಟಾಪ್ ಆದರೆ ಬ್ರೌಸರ್, ಎಡಿಟರ್ ಎಲ್ಲ ತೆರೆದಿಟ್ಟು ಮೆಮೊರಿ ಎಷ್ಟು ತಿನ್ನುತ್ತದೆ ಅಂತ ನೋಡಿ.

ನಾವು ಮಾಡಲೇಬೇಕಾದ ಇನ್ನೊಂದು ಪರೀಕ್ಷೆ ಇದೆ. ಒಂದು ಖಾಲಿ ಫೋಲ್ಡರಿನಲ್ಲಿ "ಶ್ರೀರಂಗಪಟ್ಟಣ" ಅನ್ನುವ ಹೆಸರಿನ ಫೈಲ್ ಮಾಡಿ, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟು ನೋಡಿ. ಟರ್ಮಿನಲ್ ಅನ್ನುವುದು ಮೂಲತಃ ಒಂದೊಂದು ಅಕ್ಷರವನ್ನು ಒಂದೊಂದು ಚೌಕದಲ್ಲಿ ಕೂರಿಸುವ ಲೆಕ್ಕಾಚಾರ. ನಮ್ಮ ಶ್ರೀ ಅಂದರೆ ಶ, ಅದಕ್ಕೆ ರ ಒತ್ತು, ಮೇಲೆ ಈ ಕಾರ. ಅದು ಎಷ್ಟು ಚೌಕ ಅನ್ನುವುದರಲ್ಲಿ ತುಂಬಾ ಟರ್ಮಿನಲ್‌ಗಳು ಎಡವುತ್ತವೆ. ಒತ್ತು ಪಕ್ಕದ ಅಕ್ಷರದ ಮೇಲೆ ಹತ್ತುತ್ತದೆ, ಕರ್ಸರ್ ಒಂದು ಕಡೆ ಕಂಡರೆ ಅಕ್ಷರ ಅಳಿಸುವುದು ಇನ್ನೊಂದು ಕಡೆ. ಕನ್ನಡ ಡೇಟಾ ಜೊತೆ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಎಡವಿದರೆ ಆ ಕಂಪನಿಗೆ ಒಂದು ಬಗ್ ರಿಪೋರ್ಟ್ ಹಾಕಿ. ನಾವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ ಅಲ್ವಾ?

4. ಗುಟ್ಟುಗಳನ್ನು ಮುಚ್ಚಿಡಿ

ಎಐ ಆನ್ ಮಾಡುವ ಮುಂಚಿನ ಕೆಲಸ ಇದು. ಸೀಕ್ರೆಟ್ ರಿಡಾಕ್ಷನ್ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಪಾಸ್‌ವರ್ಡ್, ಎಪಿಐ ಕೀ (ಇದೂ ಟೋಕನ್ ಥರದ್ದೇ) ಥರ ಕಾಣುವುದನ್ನು ಅದು ಮರೆಮಾಡುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ, ಅದು ಗುರುತು ಹಿಡಿಯುವುದು ನಮೂನೆ ನೋಡಿ. ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಊರಿನ ಹೆಸರೂ ಒಂದು ವರ್ಷವೂ ಆಗಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಹಳೇ ಉಪಾಯ. ಕಮಾಂಡಿನ ಮುಂದೆ ಒಂದು ಸ್ಪೇಸ್ ಬಿಟ್ಟು ಟೈಪ್ ಮಾಡಿದರೆ ಅದು ಶೆಲ್‌ನ ಹಿಸ್ಟರಿಗೆ ಸೇರದ ಹಾಗೆ ಮಾಡಬಹುದು. ಬ್ಯಾಶ್‌ನಲ್ಲಿ ಹಿಸ್ಟ್‌ಕಂಟ್ರೋಲ್‌ಗೆ ಇಗ್ನೋರ್‌ಸ್ಪೇಸ್ ಅಂತ ಕೊಡಬೇಕು, ಉಬುಂಟುವಿನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಜೆಡ್‌ಶೆಲ್‌ನಲ್ಲಿ ಹಿಸ್ಟ್ ಇಗ್ನೋರ್ ಸ್ಪೇಸ್ ಆನ್ ಮಾಡಿ. ಇದು ಹಿಸ್ಟರಿ ಫೈಲಿಗೆ ಮಾತ್ರ ಅನ್ವಯ. ಪರದೆಯ ಮೇಲೆ ಕಾಣುವ ಬ್ಲಾಕ್‌ನಲ್ಲಿ ಪಾಸ್‌ವರ್ಡ್ ಹಾಗೇ ಇರುತ್ತದೆ, ಆ ಬ್ಲಾಕನ್ನು ಎಐಗೆ ಕೊಟ್ಟರೆ ಅದೂ ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಹೀಗೇ ಒಂದು ಎರರ್ ಕೇಳಲು ಹೋಗಿ, ಅದರ ಮೇಲಿನ ಸಾಲಿನಲ್ಲಿದ್ದ ಪಾಸ್‌ವರ್ಡನ್ನೂ ಕಳಿಸಿದ. ಅವತ್ತು ಸಂಜೆಯೆಲ್ಲಾ ಪಾಸ್‌ವರ್ಡ್ ಬದಲಿಸುವುದರಲ್ಲೇ ಹೋಯಿತು.

5. ಎಐ ಆನ್ ಮಾಡಿ, ಮೊದಲು ವಿವರಣೆ ಕೇಳಿ

ನಾಲ್ಕನೇ ದಿನದಿಂದ ಎಐ ಬಳಸಿ. ಆದರೆ ಕಮಾಂಡ್ ಬರೆಸಬೇಡಿ. ಬಂದ ಎರರ್ ಏನು, ಈ ಹಳೇ ಸ್ಕ್ರಿಪ್ಟಿನ ಸಾಲು ಏನು ಮಾಡುತ್ತದೆ ಅಂತ ಕೇಳಿ. ಇದರಿಂದ ನಷ್ಟ ಕಡಿಮೆ, ಕಲಿಕೆ ಜಾಸ್ತಿ. ವಿದ್ಯಾರ್ಥಿಗಳು ಇಲ್ಲೇ ನಿಂತರೂ ಸಾಕು ಅಂತ ನನಗೆ ಅನಿಸುತ್ತದೆ. ಹೇಳಿದ್ದು ಸರಿಯಾ ಅಂತ ಮ್ಯಾನ್ ಪೇಜ್, ಅಂದರೆ ಕಮಾಂಡಿನ ಜೊತೆಗೇ ಬರುವ ಕೈಪಿಡಿ, ತೆರೆದು ತಾಳೆ ನೋಡಿ.

6. ಕಮಾಂಡ್ ಬರೆಸಿ, ಒಂದೊಂದೇ ಪದ ಓದಿ

ಈ ಹಂತದಲ್ಲಿ ಅವಸರ ಮಾಡಬೇಡಿ. ಒಂದು ಉದಾಹರಣೆ ನಿಧಾನವಾಗಿ ನೋಡೋಣ.

"ಈ ಫೋಲ್ಡರಿನಲ್ಲಿ ಏಳು ದಿನಕ್ಕಿಂತ ಹಳೆಯ ಲಾಗ್ ಫೈಲ್ ಅಳಿಸು" ಅಂತ ಕೇಳಿದಿರಿ. ಸಾಮಾನ್ಯವಾಗಿ ಫೈಂಡ್ ಕಮಾಂಡ್ ಬರೆದುಕೊಡುತ್ತದೆ. ಅದರಲ್ಲಿ ನಾಲ್ಕು ತುಂಡು ಇರಬೇಕು: ಟೈಪ್ ಎಫ್ ಅಂದರೆ ಫೈಲ್ ಮಾತ್ರ, ಫೋಲ್ಡರ್ ಬೇಡ, ನೇಮ್ ಅಂದರೆ ಹೆಸರು ಲಾಗ್ ಅಂತ ಮುಗಿಯಬೇಕು, ಎಂಟೈಮ್ ಪ್ಲಸ್ 7 ಅಂದರೆ ವಯಸ್ಸು, ಕೊನೆಗೆ ಡಿಲೀಟ್. ಈ ಡಿಲೀಟ್ ಕೊನೆಯಲ್ಲೇ ಇರಬೇಕು. ಫೈಂಡ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಡಿಲೀಟ್ ಮೊದಲು ಬಂದರೆ ಹೆಸರು, ವಯಸ್ಸು ಯಾವುದನ್ನೂ ನೋಡದೆ ಆ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಅಳಿಸುತ್ತದೆ. ಅವೇ ಪದಗಳು, ಜಾಗ ಮಾತ್ರ ಬೇರೆ. ಕಣ್ಣಾಡಿಸಿ ಎಂಟರ್ ಒತ್ತಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ವಯಸ್ಸಿನ ಲೆಕ್ಕದಲ್ಲೂ ಒಂದು ಸಣ್ಣ ಸಿಕ್ಕು ಇದೆ. ಫೈಂಡ್ ಪೂರ್ತಿ ದಿನಗಳನ್ನು ಮಾತ್ರ ಎಣಿಸುತ್ತದೆ. ಹಾಗಾಗಿ ಪ್ಲಸ್ 7 ಅಂದರೆ ಎಂಟು ದಿನ ತುಂಬಿದ ಫೈಲ್‌ಗಳು, ಏಳೂವರೆ ದಿನದ್ದು ಉಳಿದುಕೊಳ್ಳುತ್ತದೆ.

ಅದಕ್ಕೇ ಮೊದಲ ಸಲ ಡಿಲೀಟ್ ಜಾಗದಲ್ಲಿ ಪ್ರಿಂಟ್ ಅಂತ ಹಾಕಿ ಓಡಿಸಿ. ಏನೇನು ಅಳಿಸುತ್ತದೋ ಆ ಪಟ್ಟಿ ಬರುತ್ತದೆ. ಪಟ್ಟಿ ಸರಿಯಿದ್ದರೆ ಆಮೇಲೆ ಡಿಲೀಟ್. ಅಳಿಸುವ, ಹೆಸರು ಬದಲಿಸುವ, ಸ್ಥಳ ಬದಲಿಸುವ ಯಾವ ಕಮಾಂಡಿಗೂ ಮೊದಲು ಪಟ್ಟಿ, ಆಮೇಲೆ ಕೆಲಸ.

ಮ್ಯಾಕ್ ಬಳಸುವವರಿಗೆ ಬೇರೆ ತೊಂದರೆ. ಎಐ ತುಂಬಾ ಸಲ ಲಿನಕ್ಸ್ ಲೆಕ್ಕದಲ್ಲೇ ಬರೆದುಕೊಡುತ್ತದೆ. ಫೈಲಿನೊಳಗೇ ಪದ ಬದಲಿಸುವ ಸೆಡ್ ಕಮಾಂಡಿನ ಐ ಆಪ್ಷನ್ ನೋಡಿ: ಮ್ಯಾಕ್‌ನಲ್ಲಿ ಅದರ ಪಕ್ಕ ಬ್ಯಾಕಪ್ ಫೈಲಿನ ಬಾಲದ ಹೆಸರು, ಇಲ್ಲವೇ ಖಾಲಿ ಉದ್ಧರಣ ಚಿಹ್ನೆ ಬೇಕು. ಲಿನಕ್ಸ್‌ನಲ್ಲಿ ಬೇಡ. ಹಾಗಾಗಿ ಪ್ರಶ್ನೆ ಕೇಳುವಾಗಲೇ "ಮ್ಯಾಕ್, ಜೆಡ್‌ಶೆಲ್" ಅಂತ ಸೇರಿಸಿ.

ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ಪ್ರೋಗ್ರಾಂ ಗಿಟ್. ಅದರ ವಿಷಯದಲ್ಲಿ ಎರಡು ಕಮಾಂಡ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ರೀಸೆಟ್ ಹಾರ್ಡ್ ಅಂದರೆ ಕಮಿಟ್ ಮಾಡದ, ಅಂದರೆ ಗಿಟ್‌ನಲ್ಲಿ ಇನ್ನೂ ದಾಖಲಿಸದ, ಬದಲಾವಣೆಗಳು ಹೋಗುತ್ತವೆ. ಕ್ಲೀನ್ ಎಫ್‌ಡಿ ಅಂದರೆ ಗಿಟ್‌ಗೆ ಇನ್ನೂ ಸೇರಿಸದ ಫೈಲು ಫೋಲ್ಡರುಗಳು ಹೋಗುತ್ತವೆ, ಗಿಟ್ ಅವನ್ನು ವಾಪಸ್ ತರಲಾರದು. "ಗಿಟ್ ಸರಿ ಮಾಡು" ಅಂತ ಕೇಳಿದವರಿಗೆ ಎಐ ಇವನ್ನೇ ಕೊಡುವ ಸಾಧ್ಯತೆ ಇದೆ.

7. ಏಜೆಂಟ್‌ಗೆ ಬೇಲಿ ಹಾಕಿ

ಏಜೆಂಟ್ ಅಂದರೆ ಕಮಾಂಡ್ ಬರೆದುಕೊಟ್ಟು ಸುಮ್ಮನಾಗದೆ, ತಾನೇ ಓಡಿಸಿ, ಬಂದ ಉತ್ತರ ಓದಿ, ಮುಂದಿನದನ್ನೂ ತಾನೇ ಓಡಿಸುವ ಎಐ. ಅಂದರೆ ಅರ್ಜಿ ಬರೆಯುವವರ ಕೈಗೆ ಖಾಲಿ ಹಾಳೆಗಳ ಮೇಲೆ ಸಹಿ ಹಾಕಿ ಕೊಟ್ಟ ಹಾಗೆ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿಯೊಬ್ಬರು ಬಳಸುತ್ತಿದ್ದ ಕೋಡಿಂಗ್ ಏಜೆಂಟ್, ಏನನ್ನೂ ಬದಲಿಸಬೇಡ ಅಂತ ಹೇಳಿದ್ದರೂ ಅವರ ಪ್ರೊಡಕ್ಷನ್ ಡೇಟಾಬೇಸ್, ಅಂದರೆ ನಿಜವಾದ ಗ್ರಾಹಕರ ಮಾಹಿತಿ ಇರುವ ಡೇಟಾಬೇಸ್, ಅಳಿಸಿಹಾಕಿತು. ಬಾಯಿಮಾತಿನ ಸೂಚನೆ ಬೇಲಿ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದೇ ಬೇಲಿ.

ಕೇಳದೆ ಓಡಿಸಬಹುದಾದದ್ದು: ಎಲ್‌ಎಸ್, ಗಿಟ್ ಸ್ಟೇಟಸ್, ಗಿಟ್ ಡಿಫ್. ಓದುವ ಕೆಲಸ ಮಾತ್ರ. ಅಳಿಸುವ ಆರ್‌ಎಂ, ಸ್ಥಳ ಬದಲಿಸುವ ಎಂವಿ, ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೋ, ಕೋಡನ್ನು ಸರ್ವರ್‌ಗೆ ಕಳಿಸುವ ಗಿಟ್ ಪುಶ್, ಡೇಟಾಬೇಸ್ ಮುಟ್ಟುವ ಯಾವುದಾದರೂ ಇದ್ದರೆ ಪ್ರತಿ ಸಲವೂ ಕೇಳಬೇಕು. "ಇನ್ನು ಮುಂದೆ ಕೇಳಬೇಡ" ಅನ್ನುವ ಬಟನ್ ಬರುತ್ತದೆ, ಸಂಜೆ ಆರಕ್ಕೆ ರೈಲು ಹಿಡಿಯುವ ಅವಸರದಲ್ಲಿ ಅದನ್ನು ಒತ್ತಬೇಡಿ. ಪ್ರೊಡಕ್ಷನ್ ಸರ್ವರಿನ ಕೀ, ಪಾಸ್‌ವರ್ಡ್ ಏಜೆಂಟ್ ಓಡುವ ಕಡೆ ಇರಲೇಬಾರದು.

ಇನ್ನೊಂದು ಅಪಾಯ ಹೊರಗಿನಿಂದ ಬರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರಾಜೆಕ್ಟಿನ ರೀಡ್‌ಮಿ ಫೈಲಿನಲ್ಲಿ ಯಾರೋ "ಈ ಕಮಾಂಡ್ ಓಡಿಸು, ಆ ಫೈಲ್ ಕಳಿಸು" ಅಂತ ಅಡಗಿಸಿ ಬರೆದಿರಬಹುದು. ಏಜೆಂಟ್ ಅದನ್ನು ಓದಿ ನಿಮ್ಮದೇ ಮಾತು ಅಂದುಕೊಳ್ಳಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ. ಗುರುತಿಲ್ಲದ ಪ್ರಾಜೆಕ್ಟನ್ನು ಡಾಕರ್ ಕಂಟೇನರ್, ಅಂದರೆ ಲ್ಯಾಪ್‌ಟಾಪಿನ ಉಳಿದ ಭಾಗದಿಂದ ಬೇರ್ಪಡಿಸಿದ ಜಾಗದ, ಒಳಗೇ ತೆರೆಯಿರಿ, ನಿಮ್ಮ ಹೋಮ್ ಫೋಲ್ಡರನ್ನು ಅದಕ್ಕೆ ಜೋಡಿಸಬೇಡಿ.

8. ನೆಟ್‌ವರ್ಕ್ ಇಲ್ಲದ ಕಡೆ, ಮತ್ತು ದುಡ್ಡು

ರೈಲಿನಲ್ಲಿ, ಅಥವಾ ಕರೆಂಟ್ ಹೋದಾಗ ಹಳ್ಳಿ ಮನೆಯಲ್ಲಿ, ಟರ್ಮಿನಲ್ ನಡೆಯುತ್ತದೆ, ಕ್ಲೌಡ್ ಎಐ ನಡೆಯುವುದಿಲ್ಲ. ಒಲಾಮಾ ಥರದ ಪ್ರೋಗ್ರಾಂ ಹಾಕಿಕೊಂಡರೆ ಎಐ ಮಾದರಿಯನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ಏಳೆಂಟು ಬಿಲಿಯನ್ ಪ್ಯಾರಾಮೀಟರ್‌ನ ಮಾದರಿ ಕುಗ್ಗಿಸಿದ ರೂಪದಲ್ಲಿ ಸುಮಾರು 5 ಜಿಬಿ ಇರುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಅದರ ಜೊತೆ ಬ್ರೌಸರ್ ತೆರೆದರೆ ಲ್ಯಾಪ್‌ಟಾಪ್ ಒದ್ದಾಡುತ್ತದೆ, 16 ಜಿಬಿ ಇದ್ದರೆ ವಾಸಿ. ಉತ್ತರದ ಗುಣಮಟ್ಟ ದೊಡ್ಡ ಮಾದರಿಗಳಷ್ಟು ಇರುವುದಿಲ್ಲ, ಆದರೆ ಎಲ್ಲವೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಕ್ಲೌಡ್‌ನದ್ದಾದರೆ ಕಾರ್ಡ್ ಕೊಡುವ ಮುಂಚೆ ತಿಂಗಳ ಖರ್ಚಿಗೆ ಮಿತಿ ಹಾಕಿ. ಏಜೆಂಟ್ ಒಂದೇ ಎರರ್ ಮೇಲೆ ಸುತ್ತುತ್ತಾ ಕೂತರೆ ಕ್ರೆಡಿಟ್ ಬೇಗ ಕರಗುತ್ತದೆ.

9. ಎರಡು ವಾರದ ಲೆಕ್ಕ

ಎಐ ಕೈಲಿ ಕಮಾಂಡ್ ಬರೆಸಲು ಶುರು ಮಾಡಿದ ದಿನದಿಂದಲೇ ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯುತ್ತಾ ಹೋಗಿ. ಎಐ ಕೊಟ್ಟದ್ದನ್ನು ಹಾಗೇ ಬಳಸಿದ್ದು ಎಷ್ಟು ಸಲ, ತಿದ್ದಿ ಬಳಸಿದ್ದು ಎಷ್ಟು ಸಲ, ಅರ್ಥವಾಗದೆ ಎಂಟರ್ ಒತ್ತಿದ್ದು ಎಷ್ಟು ಸಲ. ಮೂರನೆಯದರ ಮುಂದೆ ಗೆರೆಗಳು ಜಾಸ್ತಿಯಾಗಿದ್ದರೆ ಐದನೇ ಹಂತಕ್ಕೆ ವಾಪಸ್ ಹೋಗಿ, ಇನ್ನೊಂದು ತಿಂಗಳು ಅಲ್ಲೇ ಇರಿ. ಎರಡನೆಯದು ಜಾಸ್ತಿ ಇದ್ದರೆ ಅದು ಒಳ್ಳೇ ಲಕ್ಷಣ, ನೀವು ಓದುತ್ತಿದ್ದೀರಿ ಅಂತ ಅರ್ಥ. ಹೊಸದನ್ನೇ ಡಿಫಾಲ್ಟ್ ಮಾಡಿಕೊಳ್ಳಿ.

ಎಐ ಬೇಡ, ವೇಗದ ಟರ್ಮಿನಲ್ ಸಾಕು ಅನಿಸಿದವರು 2024ರ ಡಿಸೆಂಬರ್‌ನಲ್ಲಿ ಬಂದ ಘೋಸ್ಟಿ ನೋಡಬಹುದು, ಮ್ಯಾಕ್ ಮತ್ತು ಲಿನಕ್ಸ್‌ಗೆ ಇದೆ. ವಿಂಡೋಸ್‌ನವರಿಗೆ ಮೈಕ್ರೋಸಾಫ್ಟ್‌ನದ್ದೇ ವಿಂಡೋಸ್ ಟರ್ಮಿನಲ್ ಚೆನ್ನಾಗಿದೆ.

10. ವಾಪಸ್ ಬರುವುದಾದರೆ

ಆ್ಯಪ್ ತೆಗೆದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮೊದಲು ಎಐ ಕಂಪನಿಯ ಅಕೌಂಟಿಗೆ ಹೋಗಿ ನೀವು ಮಾಡಿಕೊಂಡಿದ್ದ ಎಪಿಐ ಕೀ ರದ್ದು ಮಾಡಿ, ತಿಂಗಳ ಚಂದಾ ಇದ್ದರೆ ನಿಲ್ಲಿಸಿ, ಅಲ್ಲಿ ಉಳಿದ ಮಾತುಕತೆಗಳನ್ನು ಅಳಿಸಿ. ಆಮೇಲೆ ಆ್ಯಪ್ ತೆಗೆಯಿರಿ. ಕೊನೆಗೆ ಎರಡನೇ ಹಂತದಲ್ಲಿ ಕಾಪಿ ಮಾಡಿಟ್ಟ ಆರ್‌ಸಿ ಫೈಲನ್ನೂ ಈಗಿನ ಫೈಲನ್ನೂ ಡಿಫ್ ಕಮಾಂಡಿಗೆ ಕೊಡಿ. ಹೊಸ ಪ್ರೋಗ್ರಾಂ ನಿಮಗೆ ಗೊತ್ತಿಲ್ಲದೆ ಸೇರಿಸಿದ ಸಾಲುಗಳಿದ್ದರೆ ಅಲ್ಲಿ ಕಾಣುತ್ತವೆ. ಅವನ್ನು ತೆಗೆದು, ಸೇವ್ ಮಾಡಿ, ಇನ್ನೊಂದು ಸಲ ಡಿಫ್ ಕೊಡಿ. ಎರಡೂ ಒಂದೇ ಆಗಿದ್ದರೆ ಅದು ಏನೂ ತೋರಿಸುವುದಿಲ್ಲ.